ಕ ಒತ್ತಿದರೆ

"ಊರಿಗೆಲ್ಲ ಹುಲಿ ಅಂದ್ಕೊಂಡಿದ್ವಿ, ಇವನು ಹೆತ್ತವಳ ಮೇಲೆ ಬೊಗಳೋ ನಾಯಿ ಕಣ್ರೋ!"

ಮೇಸ್ತ್ರಿ ಹಾಗಂದದ್ದು ಗಿರಾಕಿ ಹೆಂಗಸಿನ ಎದುರಿಗೆ, ಅಳತೆಯಣ್ಣನ ಎದುರಿಗೆ, ಗಾಜು ಒರೆಸುತ್ತಿದ್ದ ಅಕ್ಕನ ಎದುರಿಗೆ. ಮಾತಿಗೆ ಗುರಿಯಾದವನು ಗಾಜಿಗೆ ಮರಳು ಊದುವ ಗೂಡಿನಿಂದ ಆಗಷ್ಟೇ ಹೊರಗೆ ಬಂದಿದ್ದ. ಮುಸುಕನ್ನು ಕಂಕುಳಲ್ಲಿ ಇರುಕಿಕೊಂಡಿದ್ದ, ರೆಪ್ಪೆಯ ಮೇಲೆಲ್ಲ ಬಿಳಿ ಧೂಳು, ಗಾಳಿಯಂತ್ರದ ಗುಂಯ್ ಇನ್ನೂ ಕಿವಿಯೊಳಗೆ ಕೂತಿತ್ತು. ಮಾತು ಬೇರೆ ಯಾರಿಗೋ ಇರಬೇಕು ಅಂದುಕೊಂಡು ಅವನೂ ಅರ್ಧ ನಕ್ಕುಬಿಟ್ಟ. ಆ ಅರ್ಧ ನಗು ಮುಖದ ಮೇಲಿರುವಾಗಲೇ ಗೋಡೆಯ ಟಿವಿಯತ್ತ ಕಣ್ಣು ಹೋಯಿತು. ಗಿರಾಕಿಗಳಿಗೆ ಗಾಜಿನ ಚಿತ್ರ ತೋರಿಸುವುದಕ್ಕೆಂದು ಅಂಗಡಿಯ ಫೋನನ್ನು ಆ ಟಿವಿಗೆ ಜೋಡಿಸಿದ್ದರು. ಫೋನಿನಲ್ಲಿ ಬೆರಳಿಟ್ಟದ್ದೆಲ್ಲ ಗೋಡೆಯ ಮೇಲೆ ಆಳುದ್ದ ಮೂಡುತ್ತಿತ್ತು. ಹೆಂಗಸಿಗೆ ಬಚ್ಚಲ ಕಿಟಕಿಗೆ ಗಾಜು ಬೇಕಿತ್ತು. ಮೇಸ್ತ್ರಿ 'ಕಿಟಕಿ' ಎಂದು ಹುಡುಕಲು ಹೋಗಿದ್ದಾನೆ. ಬರೀ 'ಕ' ಒತ್ತಿದ್ದಾನೆ ಅಷ್ಟೆ. ಮಿಕ್ಕದ್ದನ್ನು ಫೋನೇ, ಕೇಳದೆ, ನೆಂಟರ ಮನೆಯಲ್ಲಿ ಮೊದಲ ಪಂಕ್ತಿಗೆ ಬಡಿಸಲು ನಿಂತವನ ಉಮೇದಿನಲ್ಲಿ, ತಾನಾಗಿ ಬಡಿಸಿಬಿಟ್ಟಿದೆ: 'ಕೋಪ ಬಂದಾಗ ಅಮ್ಮನ ಮೇಲೆ ಕೂಗದೆ ಇರೋದು ಹೇಗೆ.' ಪಕ್ಕದಲ್ಲಿ ಒಂದು ಪುಟ್ಟ ಗಡಿಯಾರದ ಗುರುತು, ಇದು ಮೊದಲೇ ಹುಡುಕಿದ್ದು ಎನ್ನುವುದಕ್ಕೆ. ಅದರ ಮೇಲೆ, ಮೂಲೆಯಲ್ಲಿ ದುಂಡಗೆ, ಅವನದೇ ಮುಖ.

"ಅಯ್ಯೋ, ಕೆಳಗಿಂದು ಓದಿ, ಕೆಳಗಿಂದು!" ಅಂದ ಅಳತೆಯಣ್ಣ, ಟೇಪನ್ನು ಸರ್ರನೆ ಒಳಗೆ ಬಿಡುತ್ತ. ಮೇಸ್ತ್ರಿ ಕನ್ನಡಕ ಏರಿಸಿಕೊಂಡು, ಒಂದೊಂದೇ ಪದವನ್ನು ಗಾಳಿಯಲ್ಲಿ ನೇತುಹಾಕಿ ಓದಿದ: "ಕೂಗಿ ಕೂಗಿ ಗಂಟಲು ಕಟ್ಟಿದರೆ ಏನು ಕೊಡಬೇಕು! ಪಾಪ, ಬೊಗಳಿ ಬೊಗಳಿ ಗಂಟಲೂ ಹೋಗಿದೆ ನಮ್ಮ ಕಿಡಿಗೆ!" ಕಿಡಿ ಎನ್ನುವುದು ಅವನ ಸಿಟ್ಟಿಗೆ ಅಂಗಡಿಯವರು ಇಟ್ಟ ಹೆಸರು. ಈ ಸಲ ಒರೆಸುವ ಅಕ್ಕನೂ ನಕ್ಕಳು. ಗಿರಾಕಿ ಹೆಂಗಸು ನಗಲಿಲ್ಲ. ತುಟಿ ಕಚ್ಚಿಕೊಂಡು, ಕೈಚೀಲದೊಳಗೆ ಏನೋ ಬಿದ್ದುಹೋದವಳ ಹಾಗೆ ತಲೆ ಬಗ್ಗಿಸಿ ಹುಡುಕತೊಡಗಿದಳು. ನಗುವಿಗಿಂತ ಆ ಹುಡುಕಾಟವೇ ಅವನಿಗೆ ಹೆಚ್ಚು ಚುಚ್ಚಿತು.

ಎರಡನೆಯದು ನಾನು ಹುಡುಕಿದ್ದಲ್ಲ ಎಂದು ಕೂಗಬೇಕೆನಿಸಿತು. ಕೂಗಿದರೆ ಮೊದಲನೆಯದು ನನ್ನದು ಎಂದು ಒಪ್ಪಿಕೊಂಡ ಹಾಗೆ. ಅಲ್ಲದೆ ಕೂಗಿದರೆ ಗೋಡೆಯ ಮೇಲಿನ ಸಾಲು ನಿಜವಾಗುತ್ತದೆ, ಕೂಗದಿದ್ದರೆ ಮೇಸ್ತ್ರಿಯ ಮಾತು ನಿಜವಾಗುತ್ತದೆ. ಇಂಥ ಇಕ್ಕಟ್ಟನ್ನು ಯಾರೋ ಕೂತು ಯೋಚಿಸಿ ಹೆಣೆದಿದ್ದರೂ ಇಷ್ಟು ಬಿಗಿಯಾಗಿ ಬರುತ್ತಿರಲಿಲ್ಲ. "ಊಟಕ್ಕೆ ಹೋಗ್ತೀನಿ," ಅಂದ. ದನಿ ಬಾಗಿಲ ತಿರುಗಣಿಯ ಹಾಗೆ ಕೀರಲಾಗಿ ಬಂತು. "ನೋಡಿದ್ರಾ, ಗಂಟಲು!" ಅಂದ ಅಳತೆಯಣ್ಣ.

ಬೀದಿಗೆ ಬಿದ್ದ ಮೇಲೆ ಉತ್ತರಗಳು ಒಂದರ ಹಿಂದೊಂದು ಹುಟ್ಟತೊಡಗಿದವು. ಅವನ ಉತ್ತರಗಳು ಯಾವಾಗಲೂ ಹಾಗೇ, ಮದುವೆ ಮುಗಿದ ಮೇಲೆ ಬರುವ ವಾಲಗದವರ ಹಾಗೆ. ನಿನ್ನ ಹೆಂಡತಿ ಯಾಕೆ ತವರಲ್ಲೇ ಕೂತಿದಾಳೆ ಅದನ್ನೂ ಒತ್ತಿ ನೋಡು ಮೇಸ್ತ್ರಿ, 'ಹೆ' ಒತ್ತು, ಏನು ಬರುತ್ತೆ ನೋಡೋಣ. ಅಳತೆಯಣ್ಣ, ನಿನ್ನ ಬೋಳುತಲೆಗೆ ಏನೇನು ಸವರಿದೀಯ, 'ಕೂ' ಒತ್ತಿದರೆ ಕೂದಲೂ ಬರುತ್ತಪ್ಪ. ಎಲ್ಲರ ಹೊಟ್ಟೆಯೊಳಗೂ ಒಂದೊಂದು ಅಕ್ಷರ ಇದೆ, ಒತ್ತುವವನಿಲ್ಲ ಅಷ್ಟೆ. ಹಾಗೆ ಅಂದುಕೊಂಡು ಎದುರಿಗೆ ಬಂದ ಸೈಕಲ್ಲಿನವನನ್ನು ದುರುಗುಟ್ಟಿ ನೋಡಿದ. ಸೈಕಲ್ಲಿನವನು ಏನೂ ತಿಳಿಯದೆ ಬ್ರೇಕು ಹಿಡಿದು ದಾರಿ ಬಿಟ್ಟ.

ಹಿಂದೊಮ್ಮೆ ಹೀಗೇ ಆಗಿತ್ತು. 'ನನ್ನ ಮನೆ' ಎಂದು ಪ್ರಬಂಧ ಬರೆಯಲು ಹೇಳಿ, ಅವನು ಬರೆದದ್ದನ್ನು ಮೇಷ್ಟರು ತರಗತಿಗೆಲ್ಲ ಗಟ್ಟಿಯಾಗಿ ಓದಿದ್ದರು. 'ನನ್ನ ಅಮ್ಮನಿಗೆ ಒಂದು ಕಿವಿ ಮಾತ್ರ ಇದೆ' ಎಂದು ಬರೆದಿದ್ದ. ಕೇಳಿಸುವುದು ಒಂದೇ ಕಿವಿ ಎನ್ನುವುದು ಅವನ ಅರ್ಥ. ಮೇಷ್ಟರು ಅಲ್ಲಿ ನಿಲ್ಲಿಸಿ, ಇನ್ನೊಂದು ಎಲ್ಲಿ ಹೋಯಿತಪ್ಪ, ಮಾರಿಕೊಂಡಿರಾ ಎಂದು ಕೇಳಿದ್ದರು. ಅವನು ಚೀಲ ಎತ್ತಿಕೊಂಡು, ಬಾಗಿಲನ್ನು ಹಿಂದಿನಿಂದ ಒದ್ದು ಹೊರಟವನು ಶಾಲೆಯ ಕಡೆ ಮತ್ತೆ ತಲೆ ಹಾಕಲಿಲ್ಲ. ಆಮೇಲೆ ಎಲ್ಲಿಂದ ಹೊರಟರೂ ಬಾಗಿಲು ಒದ್ದೇ ಹೊರಟದ್ದು. ಇವತ್ತು ಒದೆಯಲಿಲ್ಲ ಎನ್ನುವುದು ಈಗ ನೆನಪಾಯಿತು. ಒದೆಯುವಂತಿರಲಿಲ್ಲ, ಅಂಗಡಿಯ ಬಾಗಿಲು ಗಾಜಿನದು.

ಅಂಗಡಿಯ ಫೋನಿಗೆ ತನ್ನ ಮುಖ ಹೋಗಿ ಕೂತದ್ದು ಹೇಗೆ ಎಂಬುದೇನೂ ಒಗಟಲ್ಲ. ಗಾಜಿನ ಮೇಲೆ ಮೂಡಿಸಲು ಬಳ್ಳಿಯ ಚಿತ್ರವೊಂದನ್ನು ಮನೆಯಲ್ಲಿ ಇಳಿಸಿಕೊಂಡಿದ್ದ, ಅದು ಅಂಗಡಿಯ ಫೋನಿಗೆ ಬರಲಿಲ್ಲವೆಂದು ತನ್ನ ಖಾತೆಯನ್ನೇ ಅದರೊಳಗೆ ಹಾಕಿದ್ದ. 'ನಿಮ್ಮ ಎಲ್ಲ ಸಾಧನಗಳಲ್ಲೂ ಒಂದೇ ಅನುಭವ ಬೇಕೆ?' ಎಂದು ಕೇಳಿತ್ತು. ಹೌದು ಅಂದಿದ್ದ. ಮುದ್ದಾಗಿ ಕೇಳಿದರೆ ಯಾರು ಬೇಡ ಅನ್ನುತ್ತಾರೆ? ಬದುಕಿನಲ್ಲಿ ಅವನನ್ನು 'ಬೇಕೆ?' ಎಂದು ಇಷ್ಟು ಮರ್ಯಾದೆಯಿಂದ ಕೇಳಿದವರೇ ಕಡಿಮೆ. ಫೋನು ಮಾತ್ರ ಹೆಜ್ಜೆಹೆಜ್ಜೆಗೂ ಅನುಮತಿಸುವಿರಾ, ಒಪ್ಪುವಿರಾ, ಹಂಚಿಕೊಳ್ಳುವಿರಾ ಎಂದು ಕೈಕಟ್ಟಿ ನಿಲ್ಲುತ್ತಿತ್ತು. ಅವನು ದೊಡ್ಡ ಮನುಷ್ಯನ ಹಾಗೆ ಒಪ್ಪುತ್ತ ಬಂದಿದ್ದ. ಹುಡುಕಿದ್ದನ್ನು ನೆನಪಿಟ್ಟುಕೊಳ್ಳದ ಗುಪ್ತ ಕಿಟಕಿ ಎಂಬುದೊಂದಿದೆ ಎಂದೂ ಅವನಿಗೆ ಗೊತ್ತಿತ್ತು. ಟೋಪಿ, ಕಪ್ಪು ಕನ್ನಡಕದ ಗುರುತಿನದು. ಅದನ್ನು ಎಂದೋ ಒಮ್ಮೆ ಒತ್ತಿದ್ದ. ಒಮ್ಮೆ ಒತ್ತಿದರೆ ಮುಗಿಯಿತು, ದೀಪದ ಗುಂಡಿಯ ಹಾಗೆ, ಆರಿಸುವವರೆಗೂ ಗುಪ್ತವೇ ಎಂದು ನಂಬಿಕೊಂಡಿದ್ದ. ಅದು ಆ ಕಿಟಕಿ ಮುಚ್ಚುವವರೆಗೆ ಮಾತ್ರವಂತೆ. ದಿನವಿಡೀ ಗಾಜಿಗೆ ಮರಳು ಊದಿ, ಬೆಳಕು ಬರಲಿ, ಆಕಾರ ಕಾಣದಿರಲಿ ಎಂದು ಮಬ್ಬು ಮಾಡಿಕೊಡುವುದು ಅವನ ಕಸುಬು. ಕಂಡವರ ಬಚ್ಚಲಿಗೆಲ್ಲ ಮರೆ ಕಟ್ಟಿದವನು ತನ್ನದನ್ನು ಚೌಕದಲ್ಲಿ ತೆರೆದಿಟ್ಟುಕೊಂಡು ಕೂತಿದ್ದ. ಥೂ.

ಮುಚ್ಚಿದ ಅಂಗಡಿಯೊಂದರ ಸೂರಿನಡಿ ನಿಂತು ಫೋನು ತೆಗೆದ. ಆ ಸಾಲನ್ನು ಅಳಿಸಬೇಕು, ಎಲ್ಲಿಂದ ಅಂತ ಗೊತ್ತಿಲ್ಲ. ಪುಟ ತೆರೆಯುವ ಮೊದಲೇ ಜಾಹೀರಾತು ಅಡ್ಡ ಬಂತು, ಗಂಟಲು ಕೆರೆತಕ್ಕೆ ಚೀಪುವ ಮಾತ್ರೆ. ಈಚೆಗೆ ಎಲ್ಲಿ ನೋಡಿದರೂ ಇದೇ. ಮಾತ್ರೆ, ಬಾಯಿ ಮುಕ್ಕಳಿಸುವ ನೀರು, ಕುತ್ತಿಗೆಗೆ ಸುತ್ತುವ ಬಟ್ಟೆ. ನನ್ನ ಗಂಟಲಿಗೆ ಏನಾಗಿದೆ ನಿನ್ನ ತಲೆ, ಎಂದು ದಿನಾ ಬೈದು ಬದಿಗೆ ತಳ್ಳುತ್ತಿದ್ದ. ಈಗಲೂ ತಳ್ಳಿ, ಹುಡುಕುವ ಪೆಟ್ಟಿಗೆಯಲ್ಲಿ 'ಕ' ಒತ್ತಿದ. ಬಂತು. ತನ್ನದು. ಅದರ ಕೆಳಗೆ ಇನ್ನೊಂದು. ಮೇಸ್ತ್ರಿ ಕಟ್ಟಿ ಹೇಳಿದ್ದಲ್ಲ, ನಿಜವಾಗಿಯೂ ಇದೆ: ಕೂಗಿ ಕೂಗಿ ಗಂಟಲು ಕಟ್ಟಿದರೆ ಏನು ಕೊಡಬೇಕು.

ಕೊಡಬೇಕು.

ಬಿಸಿಲು ಸೂರಿನ ಅಂಚಿನಲ್ಲಿ ನಿಂತಿತ್ತು. ತನ್ನ ಗಂಟಲು ಕಟ್ಟಿದವನು ಏನು ತಗೋಬೇಕು ಅಂತ ಹುಡುಕುತ್ತಾನೆ. ಏನು ಮಾಡಬೇಕು ಅಂತ ಹುಡುಕುತ್ತಾನೆ. ಕೊಡಬೇಕು ಅನ್ನುವವರು ಬೇರೆ. ಬೇರೆಯವರ ಗಂಟಲಿಗೆ ಕೊಡುವವರು. ಅಮ್ಮನ ಫೋನು ತಂದ ದಿನ, ಅವಳಿಗೆ ಬೇರೆ ಖಾತೆ ಮಾಡುವ ತಾಳ್ಮೆಯಿಲ್ಲದೆ, ಇರಲಿ ಬಿಡು ಎಂದು ತನ್ನದನ್ನೇ ಅದರೊಳಗೂ ತುರುಕಿದ್ದ. ಒಂದೇ ಅನುಭವ ಬೇಕೆ? ಹೌದು. ಅವಳ 'ಕ' ಅವನಿಗೆ ಬಂದಿದೆ ಅಂದರೆ ಅವನ 'ಕ' ಅವಳಿಗೆ ಹೋಗಿದೆ.

ಮೇಸ್ತ್ರಿ, ಅಳತೆಯಣ್ಣ, ಗಿರಾಕಿ ಎಲ್ಲ ಒಮ್ಮೆಲೇ ಹಗುರಾಗಿ ದೂರ ಹೋದರು. ಜಗತ್ತೆಲ್ಲ ಓದಲಿ, ಅವಳೊಬ್ಬಳು ಓದಿರಬಾರದು. 'ಅಮ್ಮನ ಮೇಲೆ' ಎಂಬ ಪದವನ್ನು ಅಮ್ಮ ಓದುವುದೆಂದರೇನು? ಅವಳು ಇನ್ನೂ ನೋಡಿಲ್ಲದಿರಬಹುದು. ಓದುವುದು ನಿಧಾನ, ಕಣ್ಣು ಸಾಲದು. ಈಗಲೇ ಹೋಗಿ ಅವಳ ಕೈಯಿಂದ ಫೋನು ಇಸಕೊಂಡು, ಏನೋ ಸರಿ ಮಾಡ್ತೀನಿ ಕೊಡು ಎಂದು ಅಳಿಸಿಬಿಟ್ಟರೆ ಆಯಿತು. ಅವನು ನಡೆಯುತ್ತಿದ್ದವನು ಓಡತೊಡಗಿದ.

ಆ ಸಾಲು ಹುಡುಕಿದ ಸಂಜೆ ಅವನು ಅಮ್ಮನನ್ನು ಕೇಳಿದ್ದು ಬೀಗದ ಕೈ ಎಲ್ಲಿ ಅಂತ ಅಷ್ಟೆ. ಹೊಲಿಗೆ ಯಂತ್ರ ತುಳಿಯುತ್ತ ಅವಳು "ಆಂ?" ಅಂದಳು. ಮತ್ತೆ ಕೇಳಿದ. "ಆಂ?" ಮೂರನೆಯ ಸಲ ದನಿ ಎಲ್ಲಿ ಎತ್ತರವಾಗುವುದು ಮುಗಿದು ಎಲ್ಲಿ ಸಿಟ್ಟಾಯಿತೋ ಅವನಿಗೇ ತಿಳಿಯಲಿಲ್ಲ. ಗಟ್ಟಿಯಾಗಿ ಹೇಳುವುದಕ್ಕೂ ಗದರುವುದಕ್ಕೂ ನಡುವೆ ಇರಬೇಕಾದ ಹೊಸ್ತಿಲು ಆ ಮನೆಯಲ್ಲಿ ಯಾವತ್ತೋ ಸವೆದುಹೋಗಿತ್ತು. "ನಿನಗೆ ಹೇಳೋದೂ ಒಂದೇ, ಆ ಗೋಡೆಗೆ ಹೇಳೋದೂ ಒಂದೇ! ಗೋಡೆನಾದ್ರೂ ವಾಸಿ, ತಿರುಗಿ ಆಂ ಅನ್ನಲ್ಲ!" ಯಂತ್ರ ನಿಂತಿತು. ಅಮ್ಮ ಗೋಡೆಯ ಕಡೆ ನೋಡಿ, "ಗೋಡೆಗೇನಾಗಿದೆ? ಸುಣ್ಣ ಹೊಡೆಸ್ಬೇಕಾ?" ಅಂದಳು. ಅವನು ತಾರಸಿಗೆ ಹೋಗಿ, ನೀರಿನ ತೊಟ್ಟಿಯ ಹಿಂದೆ ಕೂತು, ಆ ಸಾಲನ್ನು ಒತ್ತಿದ್ದ. ಕೇಳುವುದಕ್ಕೆ ಬೇರೆ ಯಾರಿದ್ದರು? ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ಫೋನು ಕಿವಿಯ ಜೊತೆ ಬಾಯಿಯೂ ಇದ್ದ ಗೋಡೆ. ಅದಾದ ಮೇಲೆ ಇನ್ನೊಂದು ಆಗಿತ್ತು. ಅವನು ಮನೆಗೆ ಬಂದರೆ ಅಮ್ಮ ಎದ್ದು ಕುರ್ಚಿ ತಿರುಗಿಸಿ ಕೂರುತ್ತಿದ್ದಳು, ಮುಖ ಕಿಟಕಿಯ ಕಡೆಗೆ, ಅವನಿಗೆ ಅಡ್ಡಕ್ಕೆ. ಮುಖ ತಿರುಗಿಸಿಕೊಂಡಳು, ಸರಿ, ನ್ಯಾಯವೇ, ಎಂದು ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಉಣ್ಣುತ್ತಿದ್ದ.

ಮೆಟ್ಟಿಲು ಹತ್ತುವಾಗ ಯಂತ್ರದ ಸದ್ದು ಕೇಳುತ್ತಿತ್ತು. ಅಮ್ಮ ಯಾವುದೋ ಅಂಗಡಿಗೆ ದಿಂಬಿನ ಚೀಲ ಹೊಲಿದು ಕೊಡುತ್ತಾಳೆ. ಬಿಳಿ ಚೀಲಗಳ ರಾಶಿಯ ನಡುವೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಅವನನ್ನು ನೋಡಿ ಹುಬ್ಬೇರಿಸಿದಳು. "ಇದೇನೋ ಈ ಹೊತ್ತಿನಲ್ಲಿ? ಕೆಲಸ ಬಿಟ್ಟು ಬಂದ್ಯಾ, ಬಿಡಿಸಿ ಕಳ್ಸಿದ್ರಾ?"

"ಫೋನ್ ಕೊಡು."

"ಆಂ?"

ಎದೆಯೊಳಗೆ ಆ ಹಳೆಯ ಒಲೆ ಭಗ್ ಎಂದಿತು. ಅವನು ಬಾಯಿ ಮುಚ್ಚಿದ. ಅಮ್ಮ ಅಷ್ಟರಲ್ಲಿ ಎದ್ದು, ಅದೇ ಹಾಳು ಕುರ್ಚಿಯನ್ನು ಅಡ್ಡ ತಿರುಗಿಸಿ ಕೂತಳು. "ಈಗ ಹೇಳು. ಈ ಕಡೆ ಬಂದು ಹೇಳು. ಇದು ಕೇಳೋ ಕಿವಿ."

ಅವನು ಕುರ್ಚಿಯನ್ನು ನೋಡಿದ. ಅವಳ ಮುಖ ಕಿಟಕಿಯ ಕಡೆಗಿತ್ತು. ಬಲಗಿವಿ ಅವನ ಕಡೆಗಿತ್ತು. ಎಷ್ಟು ದಿನದಿಂದ ಅದು ಅವನ ಕಡೆಗೇ ಇತ್ತು.

"ಫೋನ್ ಕೊಡಮ್ಮ," ಅಂದ. ಮೆಲ್ಲಗೇ ಬಂತು.

ಅವಳು ಕೊಡಲಿಲ್ಲ. ದಿಂಬಿನ ಚೀಲವೊಂದನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. "ಅಳಿಸೋಕೆ ಬಂದ್ಯಾ?"

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಯಂತ್ರದ ಸೂಜಿಯನ್ನು ನೋಡಿದ.

"ಕಿವಿ ಅಂತ ಒತ್ತೋಕೆ ಹೋದೆ ಕಣೋ. ಕಿವೀಗೆ ಹಾಕ್ಕೊಳೋ ಯಂತ್ರ ಏನಾದ್ರೂ ಕಡಿಮೇಲಿ ಸಿಗುತ್ತಾ ಅಂತ. ಅದು ಎದ್ದು ಬಂದು ಮುಂದೆ ನಿಂತುಕೊಳ್ತು. ನಾನು ಮೊದಲು ಏನಂದ್ಕೊಂಡೆ ಗೊತ್ತಾ? ಬೇರೆ ಯಾರದೋ ಮಗ ಅಂದ್ಕೊಂಡೆ. ಪಾಪ, ಯಾರ ಹೊಟ್ಟೇಲಿ ಹುಟ್ಟಿದಾನೋ, ಇಷ್ಟಾದ್ರೂ ಯೋಚನೆ ಮಾಡ್ತಾನಲ್ಲ ಅಂತ." ನಕ್ಕಳು. "ಆಮೇಲೆ ನಿನ್ನ ಮೂತಿ ಕಾಣಿಸ್ತು ಮೂಲೇಲಿ."

"ನೋಡಬಾರದಿತ್ತು ನೀನು."

"ನೋಡಬಾರದಿತ್ತು. ಗೊತ್ತು. ನೋಡ್ದೆ. ಒಳಗೆ ಹೋಗಿ ನೀನು ಓದಿದ್ದನ್ನೆಲ್ಲ ಓದ್ದೆ. ಅವರಿಗೆ ಕಿವಿ ಮಂದ ಇದ್ರೆ ಕೇಳೋ ಕಿವಿ ಕಡೆ ಕೂತ್ಕೊಂಡು ಮಾತಾಡಿ ಅಂತ ಅದ್ರಲ್ಲೇ ಬರೆದಿತ್ತು. ನೀನು ಯಾಕೆ ಕೂತ್ಕೊಳ್ತಾ ಇಲ್ಲ ಅಂತ ನಾನೇ ತಿರುಗಿ ಕೂತ್ಕೊಂಡೆ. ನೀನು ನೋಡಿದ್ರೆ ತಟ್ಟೆ ಎತ್ಕೊಂಡು ಒಳಗೆ ಓಡ್ತಿದ್ದೆ."

ಅವನು ಪೂರ್ತಿ ಓದಿರಲಿಲ್ಲ. ಅರ್ಧ ಓದುವಷ್ಟರಲ್ಲಿ ಇವರಿಗೇನು ಗೊತ್ತು ನಮ್ಮ ಮನೆ ಎಂದು ಸಿಟ್ಟು ಬಂದು ಮುಚ್ಚಿಬಿಟ್ಟಿದ್ದ. "ಗಂಟಲು?" ಅಂದ.

"ನಿಂದು ಕಣೋ. ದಿನಾ ಆ ಯಂತ್ರದ ಜೊತೆ ಕಿರುಚಿ ಬರ್ತೀಯ, ಬಂದು ನನ್ನ ಜೊತೆ ಕಿರುಚ್ತೀಯ. ಬೆಳಗಾಗೆದ್ರೆ ಬೆಕ್ಕು ಕೆಮ್ಮಿದ ಹಾಗೆ ಕೆಮ್ಮು. ಏನು ಕೊಡೋದು ಅಂತ ಕೇಳ್ದೆ ಅದನ್ನ." ಯಂತ್ರದ ಖಾನೆ ಎಳೆದು, ದಾರದುಂಡೆಗಳ ಕೆಳಗಿನಿಂದ ಒಂದು ಮಾತ್ರೆ ಪಟ್ಟಿ ತೆಗೆದಳು. "ತಂದಿಟ್ಟು ಎಷ್ಟು ದಿನ ಆಯ್ತು. ಕೊಟ್ರೆ ನನ್ನ ಗಂಟಲಿಗೆ ಏನಾಗಿದೆ ಅಂತ ಅದಕ್ಕೂ ಕೂಗ್ತೀಯ ಅಂತ ಕೊಡ್ಲಿಲ್ಲ."

ಅವನಿಗೆ ನಗು ಬಂತು, ಅದು ಬರಬಾರದ ಕಡೆಯಿಂದ, ಕಣ್ಣಿನಿಂದ ಬಂತು. ಅದನ್ನು ಮುಚ್ಚಿಕೊಳ್ಳಲು ಒರಟಾಗಿ ಕೇಳಿದ: "ಮತ್ತೆ ಅವತ್ತು ಗೋಡೆಗೆ ಸುಣ್ಣ ಅಂದೆ?"

ಅಮ್ಮ ಖಾನೆಯಿಂದ ಒಂದು ಕೈಸೂಜಿ ತೆಗೆದು, ದಾರದ ತುದಿಯನ್ನು ನಾಲಗೆಗೆ ತಗುಲಿಸಿ, ಅದರ ಕಣ್ಣಿಗೆ ಗುರಿಯಿಟ್ಟಳು. ಒಮ್ಮೆ ತಪ್ಪಿತು. "ಕೇಳಿಸಿತ್ತು," ಅಂದಳು. "ಪೂರ್ತಿ ಕೇಳಿಸಿತ್ತು. ಎಲ್ಲ ಕೇಳಿಸ್ಕೊಂಡ್ರೆ ಮನೆ ನಡೆಯುತ್ತೇನೋ? ಒಂದು ಕಿವಿ ಹೋದದ್ದು ಒಂದೊಂದು ಸಲ ಅನುಕೂಲಕ್ಕೇ ಹೋಗಿದೆ ಅನ್ಸುತ್ತೆ."

ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದರು. ಅವನು ಅವಳ ಕೈಯಿಂದ ಸೂಜಿ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟ. ಕ್ಷಮಿಸು ಎನ್ನುವ ಪದ ಆ ಮನೆಯಲ್ಲಿ ಯಾರೂ ಬಳಸಿದ್ದಿಲ್ಲ, ಬಳಸಿದರೆ ಇಬ್ಬರೂ ಯಾರೋ ಬಂದರೆಂದು ಬಾಗಿಲ ಕಡೆ ನೋಡುತ್ತಿದ್ದರು. "ಗೋಡೆ ಅನ್ನಬಾರದಿತ್ತು," ಅಂದ, ಬಲಗಿವಿಯ ಪಕ್ಕ. ಅವಳು ತಲೆಯಾಡಿಸಿದಳು. ಅಷ್ಟೇ. ಮೇಷ್ಟರಾಗಲಿ ಮೇಸ್ತ್ರಿಯಾಗಲಿ ಓದಿ ಹೇಳಲು ಅದರಲ್ಲಿ ಏನೂ ಇರಲಿಲ್ಲ.

ಆಮೇಲೆ ಅವಳ ಫೋನು ಹಿಡಿದು ನೆಲದ ಮೇಲೆ ಕೂತ. ತನ್ನ ಖಾತೆಯನ್ನು ಅದರಿಂದ ತೆಗೆದು, ಅವಳಿಗೇ ಒಂದು ಮಾಡಿದ. ಈ ಸಲ ಪ್ರತಿ ಪುಟವನ್ನೂ ಬೆರಳಿಟ್ಟು, ತುಟಿ ಆಡಿಸಿ, ಕೊನೆಯವರೆಗೂ ಓದಿದ. ನೀವಿರುವ ಜಾಗ ತಿಳಿಯಬಹುದೆ? ಬೇಡ. ನಿಮ್ಮ ಹುಡುಕಾಟಗಳನ್ನು ಉಳಿಸಿಕೊಳ್ಳಬಹುದೆ? ಬೇಡ. ನಿಮ್ಮ ಅನುಭವವನ್ನು ಉತ್ತಮಗೊಳಿಸಲು ನಮ್ಮ ಪಾಲುದಾರರೊಡನೆ... ಯಾರಪ್ಪ ಅವರು ಪಾಲುದಾರರು, ಯಾರ ಆಸ್ತಿಗೆ? ಬೇಡ. 'ಬೇಡ' ಎನ್ನುವ ಗುಂಡಿ ಎಲ್ಲ ಕಡೆಯೂ ಇತ್ತು. ಬಣ್ಣವಿಲ್ಲದೆ, ಸಣ್ಣದಾಗಿ, ಪಂಕ್ತಿಯ ಕೊನೆಯಲ್ಲಿ ಕೂತ ಬಡ ನೆಂಟನ ಹಾಗೆ. ಹುಡುಕಿದರೆ ಸಿಗುತ್ತಿತ್ತು. ಪ್ರತಿ 'ಬೇಡ'ಕ್ಕೂ ಒಳಗೆಲ್ಲೋ ಒಂದು ಬಾಗಿಲು, ಒದೆಯದೆಯೇ, ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಇದು ತನಗೆ ಇಷ್ಟು ಹಿತ ಕೊಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಇನ್ಮೇಲೆ ನಿಂದು ನಿಂಗೆ, ನಂದು ನಂಗೆ," ಎಂದು ಫೋನು ಕೊಟ್ಟ.

"ಹಂಗಾದ್ರೆ ನಿನ್ನ ಹೊಟ್ಟೇಲಿ ಏನಿದೆ ಅಂತ ನಂಗೆ ಹೆಂಗೋ ಗೊತ್ತಾಗ್ಬೇಕು?"

"ಕೇಳು. ಹೇಳ್ತೀನಿ."

"ಎಲ್ಲಾನೂ ಹೇಳ್ತೀಯಾ?"

"ಎಲ್ಲ ಯಾಕೆ ಹೇಳ್ಲಿ? ಹೇಳೋವಂಥದ್ದು ಹೇಳ್ತೀನಿ. ನೀನೂ ಅಷ್ಟೆ."

ಅಮ್ಮ ಅವನನ್ನು ಒಂದು ಗಳಿಗೆ ನೋಡಿದಳು. ಅಂಗಡಿಯಲ್ಲಿ ಬಟ್ಟೆಯ ಅಂಚು ಎಳೆದು ನೋಡುವಾಗ ಹಾಗೆ ನೋಡುತ್ತಾಳೆ. "ನನ್ನ ಹತ್ರ ಬಚ್ಚಿಡೋಕೆ ಏನಿದೆ, ದಿಂಬಿನ ಚೀಲ," ಅಂದವಳು ಫೋನನ್ನು ಸೆರಗಿನ ಮರೆಯಲ್ಲಿ ಸ್ವಲ್ಪ ತಿರುಗಿಸಿ ಹಿಡಿದು, ಅವನಿಗೆ ಕಾಣದ ಹಾಗೆ, ಏನೋ ಒಂದು ಅಕ್ಷರ ಒತ್ತಿದಳು. ಮುಖದಲ್ಲಿ ಸಣ್ಣ ಹೆಮ್ಮೆಯಿತ್ತು. ಅವನು ಕೇಳಲಿಲ್ಲ. "ಮಾತ್ರೆ ಬಾಯಿಗೆ ಹಾಕ್ಕೋ. ಕಚ್ಚಬೇಡ, ಚೀಪು," ಅಂದಳು.

ಹಿಂದಿರುಗುವಾಗ ಅದೇ ಬೀದಿ ಅಷ್ಟೇ ಇಕ್ಕಟ್ಟಾಗಿತ್ತು, ಆದರೆ ಜನ ಅವನನ್ನು ನೋಡುತ್ತಿರಲಿಲ್ಲ. ಬರುವಾಗಲೂ ಯಾರೂ ನೋಡಿರಲಿಲ್ಲವೇನೋ. ಮಾತ್ರೆ ನಾಲಗೆಯ ಮೇಲೆ ಮೊದಲು ಖಾರವಾಗಿ ಆಮೇಲೆ ತಣ್ಣಗಾಯಿತು. ಗಂಟಲು ನಿಜಕ್ಕೂ ನೋಯುತ್ತಿತ್ತು ಎಂದು ನೋವು ಇಳಿಯತೊಡಗಿದಾಗಲೇ ತಿಳಿದದ್ದು.

ಗಿರಾಕಿ ಹೆಂಗಸು ಇನ್ನೂ ಅಲ್ಲೇ ಇದ್ದಳು. ಮಾದರಿ ತುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಅವುಗಳ ಹಿಂದೆ ತನ್ನದೇ ಬೆರಳು ಆಡಿಸಿ, ಕಾಣುತ್ತದೆಯೇ ಎಂದು ನೋಡುತ್ತಿದ್ದಳು. ಯಾವುದೂ ಒಪ್ಪಿಗೆಯಾಗಿರಲಿಲ್ಲ. "ಎದುರು ಮನೆಯವರ ಮೆಟ್ಟಿಲು ಸರಿಯಾಗಿ ನಮ್ಮ ಕಿಟಕಿಗೇ ಇದೆ," ಎನ್ನುತ್ತಿದ್ದಳು. ಗೋಡೆಯ ಟಿವಿಯ ಮೂಲೆಯಲ್ಲಿ ಅವನ ಮುಖ ದುಂಡಗೆ ಇನ್ನೂ ಕೂತಿತ್ತು.

ಅವನು ಮೇಜಿನ ಮೇಲಿಂದ ಅಂಗಡಿಯ ಫೋನು ಎತ್ತಿಕೊಂಡ. ಎಲ್ಲರ ಕಣ್ಣೂ ಗೋಡೆಗೆ ಹೋಯಿತು. ಅವನ ಹೆಬ್ಬೆರಳು ಎಲ್ಲಿಟ್ಟರೂ ಅಲ್ಲಿ ಕಾಣುತ್ತಿತ್ತು. ಕಾಣಲಿ. ಖಾತೆ ತೆರೆದ. ಈ ಸಾಧನದಿಂದ ತೆಗೆಯಬೇಕೆ? ತೆಗೆ. ಮುಖ ಹೋಯಿತು; ಮೂಲೆಯಲ್ಲಿ ಒಂದು ಬೂದು ವೃತ್ತ ಉಳಿಯಿತು. ಫೋನಿಗೆ ಅಷ್ಟಕ್ಕೂ ಸಮಾಧಾನವಿಲ್ಲ. 'ನೀವು ಹೋಗುತ್ತಿರುವುದೇಕೆ? ಒಂದು ಕಾರಣ ಆರಿಸಿ' ಎಂದು ಗೋಡೆಯುದ್ದ ಕೇಳಿತು. ಕೆಳಗೆ ಕಾರಣಗಳು ಸಾಲಾಗಿ ನಿಂತಿದ್ದವು. ಅವನು ಯಾವುದನ್ನೂ ಒತ್ತದೆ ಫೋನನ್ನು ಮೊದಲಿದ್ದಲ್ಲೇ ಇಟ್ಟ.

"ಏನೋ ಕಿಡಿ," ಅಂದ ಮೇಸ್ತ್ರಿ, ಗಿರಾಕಿಯ ಕಡೆ ಕಣ್ಣು ಮಿಟುಕಿಸಿ, "ಊಟಕ್ಕೆ ಹೋದವನು ಔಷಧಿ ಹುಡುಕ್ಕೊಂಡು ಬಂದ್ಯಾ? ಸಿಕ್ತಾ?"

ಅಳತೆಯಣ್ಣನ ಟೇಪು ಅರ್ಧಕ್ಕೆ ನಿಂತಿತು. ಒರೆಸುವ ಅಕ್ಕ ಬಟ್ಟೆ ಹಿಡಿದು ಕಾದಳು. ದಾರಿಯುದ್ದಕ್ಕೂ ಹುಟ್ಟಿದ್ದ ಉತ್ತರಗಳೆಲ್ಲ, ಹೆ, ಕೂ, ಎಲ್ಲ ಅಕ್ಷರಗಳೂ, ಅವನ ಬಾಯಿಯ ಬಾಗಿಲಿಗೆ ಬಂದು ನಿಂತವು. ಅಲ್ಲಿ ಮಾತ್ರೆ ಇತ್ತು. ಅವನು ಅದನ್ನು ನಾಲಗೆಯಿಂದ ಎಡಗೆನ್ನೆಯಿಂದ ಬಲಗೆನ್ನೆಗೆ ಸರಿಸಿಕೊಂಡು, ಹೆಂಗಸು ಇನ್ನೂ ಮುಟ್ಟದಿದ್ದ ತುಂಡುಗಳಲ್ಲಿ ಎಲ್ಲಕ್ಕಿಂತ ಮಬ್ಬಾದದ್ದನ್ನು ಎತ್ತಿ ಅವಳ ಕೈಗೆ ಕೊಟ್ಟು, ಮುಸುಕು ತಲೆಗೇರಿಸಿಕೊಂಡು ಗೂಡಿನ ಕಡೆಗೆ ನಡೆದ.